ಆರನೇ ಗಡಿಯಾರದ ಮುಳ್ಳು

ಸಿಂದಗಿ
ಫೆಬ್ರವರಿ 9, ಭಾನುವಾರ, ಮುಂಜಾನೆ

ಹುಮಾಗೆ ಜುಲ್ಫಿಕರನ ಸಲಾಮು.

ನಾವು ಮೂವರೂ ಇಲ್ಲಿ ಆರಾಮ. ಚಡಚಣದಲ್ಲಿ ನೀನೂ ನಿನ್ನ ತವರಿನವರೂ ಆರಾಮ ಇದ್ದೀರಿ ಎಂದು ಶಾಹಿಸ್ತಾ ಹೇಳಿದಳು. ನಿನ್ನ ಸುದ್ದಿಯನ್ನು ನಾನೀಗ ಆರು ವರ್ಷದ ಮಗಳಿಂದ ಕೇಳಿ ತಿಳಿಯಬೇಕಾಗಿದೆ. ನೀನು ಹೋದ ಮೇಲೆ ನಮ್ಮವ್ವನಿಗೆ ಕೊಡಿಸಿದ ಸಣ್ಣ ಫೋನಿನಲ್ಲಿ ದಿನಾ ಸಂಜೆ ಏಳಕ್ಕೆ ನೀವು ತಾಯಿ ಮಗಳು ಮಾತಾಡುತ್ತೀರಿ, ಅದರಲ್ಲಿ ಅವಳಿಗೆ ನೆನಪುಳಿದಷ್ಟು ನನ್ನ ಪಾಲಿಗೆ. ನಾನು ಮಾಡಿದ ಫೋನನ್ನು ನೀನು ಎತ್ತುವುದಿಲ್ಲ. ಇರಲಿ.

ಎರಡು ವಾರದ ಹಿಂದೆ ನೀನು ಅವಳ ಕೈಯಲ್ಲಿ ಹುಕುಂ ಕಳಿಸಿದೆ. "ಅಬ್ಬಾ, ನನಗ ಟೈಮ್ ನೋಡೋದು ಕಲಸಬೇಕಂತ. ಏನೇನ್ ಆಟ ಆಡಿಸಿ ಕಲಿಸಿದ್ರಿ ಎಲ್ಲಾ ಬರದು ಕಳಸಬೇಕಂತ. ಅಮ್ಮಿ ಹೇಳ್ಯಾಳ." ಸಾಲಿಯಲ್ಲಿ ಯಶೋಧಾ ಟೀಚರೂ ಅದನ್ನೇ ಮನೆಗೆಲಸ ಕೊಟ್ಟಿದ್ದಾರೆ. ಹೀಗಾಗಿ ಈ ಕಾಗದ. ಗಡಿಯಾರದ ಬಗ್ಗೆ ಬರೆ ಎಂದಿದ್ದೀ, ಗಡಿಯಾರದ ಬಗ್ಗೆಯೇ ಬರೆಯುತ್ತೇನೆ. ಆ ಒಂದು ಗಡಿಯಾರದ ಮಾತು ಮಾತ್ರ ಎತ್ತುವುದಿಲ್ಲ. ನವೆಂಬರಿನಲ್ಲಿ ನಿನ್ನ ಶಿಕ್ಷಕರ ನೇಮಕಾತಿ ಪರೀಕ್ಷೆಯ ದಿನ ನಿನ್ನ ಮೊಬೈಲ್ ಒಡೆದು ತೌಸಿಫನ ಅಂಗಡಿಗೆ ರಿಪೇರಿಗೆ ಹೋಗಿತ್ತು. ನೀನು ಗೋಡೆಯ ಗಡಿಯಾರ ನಂಬಿ ಹೊರಟೆ. ಅದು ಇಪ್ಪತ್ತು ನಿಮಿಷ ಹಿಂದಿತ್ತು. ವಿಜಯಪುರದ ಬಸ್ಸು ತಪ್ಪಿತು, ಮುಂದಿನ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಪರೀಕ್ಷೆಯ ಗೇಟು ಮುಚ್ಚಿತ್ತು. ಅದು ಗಡಿಯಾರದ ಸೆಲ್ಲಿನ ತಪ್ಪು. ಹತ್ತು ಸಲ ಹೇಳಿದ್ದೇನೆ, ಹನ್ನೊಂದನೆಯ ಸಲ ಹೇಳುವುದಿಲ್ಲ.

ಈಗ ಪಾಠದ ವಿಷಯ.

ಹದಿನೆಂಟು ವರ್ಷದಿಂದ ಬಸ್ ಸ್ಟ್ಯಾಂಡ್ ಎದುರು ಕುಳಿತು ಗಡಿಯಾರ ಬಿಚ್ಚಿ ಜೋಡಿಸುವವನು ನಾನು. ಮಗಳಿಗೆ ಟೈಮ್ ನೋಡಲು ಕಲಿಸುವುದೇನು ದೊಡ್ಡ ಕೆಲಸ, ಒಂದು ಸಂಜೆ ಸಾಕು ಎಂದುಕೊಂಡೆ. ಅಂಗಡಿಯಿಂದ ದೊಡ್ಡ ಅಂಕಿಗಳ ಹೊಸ ಗಡಿಯಾರ ತಂದು ಅವಳ ಮುಂದಿಟ್ಟೆ. ಸಣ್ಣ ಮುಳ್ಳು ತಾಸು ತೋರಿಸುತ್ತದೆ, ದೊಡ್ಡ ಮುಳ್ಳು ನಿಮಿಷ ತೋರಿಸುತ್ತದೆ ಎಂದೆ. ಅವಳು ಕೇಳಿದಳು, "ಸಣ್ಣ ಮುಳ್ಳಿಗೆ ದೊಡ್ಡ ಕೆಲಸ, ದೊಡ್ಡ ಮುಳ್ಳಿಗೆ ಸಣ್ಣ ಕೆಲಸ ಯಾಕ ಕೊಟ್ಟಾರ್ರಿ?" ನಾನು ದೊಡ್ಡ ಮುಳ್ಳನ್ನು ಒಂದರ ಮೇಲೆ ತಂದು, ಇದು ಐದು ನಿಮಿಷ ಎಂದೆ. "ಒಂದರ ಮ್ಯಾಲ ದೊಡ್ಡ ಮುಳ್ಳು ಬಂದ್ರ ಐದು ನಿಮಿಷ ಅಂತೀರಿ. ಒಂದು ಅಂದ್ರ ಒಂದಲ್ಲೇನ್ರಿ?" ಯಾವ ಹಲ್ಲಿನ ಚಕ್ರ ಯಾವ ಚಕ್ರವನ್ನು ತಿರುಗಿಸುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ ಹುಮಾ, ಆದರೆ ಹೀಗೇಕೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನಗೇ ಗೊಂದಲ ಹತ್ತಿತು. ಅಷ್ಟರಲ್ಲಿ ಮುಳ್ಳು ಮುಂದೆ ಹೋಗಿತ್ತು. ಅವಳು ಅದನ್ನು ಬೆರಳಿನಿಂದ ತಡೆದು, "ನಿಲ್ಲು ಅಂದ್ರ ನಿಲ್ಲವಲ್ದು, ಹೆಂಗ ಓದಬೇಕು?" ಎಂದು ಅತ್ತಳು.

ಹುಡುಗಿಯ ತಲೆ ಸ್ವಲ್ಪ ಮಂದ ಇರಬೇಕು ಎಂದು ನಮ್ಮವ್ವನಿಗೆ ಹೇಳಿದೆ. ಅವಳು ಬಿಡುತ್ತಾಳೆಯೇ? "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದಳಂತ. ನಿನಗ ಕಲಸಾಕ ಬರೂದಿಲ್ಲ, ಕೂಸಿಗ್ಯಾಕ ಅಂತಿ?" ಎಂದು ಹೇಳಿ, ಮರುದಿನ ಪಾಠ ತನ್ನ ಕೈಗೆ ತೆಗೆದುಕೊಂಡಳು.

ಅವ್ವನ ಗಡಿಯಾರ ಜೋಳದ ರೊಟ್ಟಿಯದು. ತಾಟಿನಲ್ಲಿ ಬಿಸಿ ರೊಟ್ಟಿ, ಸುತ್ತಲೂ ಹನ್ನೆರಡು ಶೇಂಗಾ ಕಾಳು, ನಡುವೆ ಉಳ್ಳಾಗಡ್ಡಿ ತಪ್ಪಲಿನ ಒಂದು ಉದ್ದ ತುಂಡು, ಒಂದು ಗಿಡ್ಡ ತುಂಡು. "ಏಳು ಗಂಟೆ ಮಾಡು" ಎಂದರೆ ತುಂಡು ಸರಿಸಬೇಕು, ಸರಿಯಾದರೆ ಒಂದು ಕಾಳು ತಿನ್ನಬಹುದು. ಹುಡುಗಿ ಬೇಗ ಕಲಿತಳು. ಆದರೆ ನಾಲ್ಕು ಕಾಳು ತಿಂದ ಮೇಲೆ ಗಡಿಯಾರದಲ್ಲಿ ಎಂಟೇ ಗಂಟೆ ಉಳಿದವು. ಕೊನೆಗೆ ಗಿಡ್ಡ ಮುಳ್ಳನ್ನೂ ಬಾಯಿಗೆ ಹಾಕಿಕೊಂಡು, "ದಾದಿ, ಈಗ ಟೈಮ್ ಇಲ್ಲ" ಎಂದಳು. ನೀನಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಾನೂ ನಕ್ಕೆ, ನಕ್ಕ ಮೇಲೆ ಪಕ್ಕಕ್ಕೆ ತಿರುಗಿ ನೋಡಿದೆ, ನೀನಿರಲಿಲ್ಲ.

ಅವ್ವನಿಂದ ಒಂದು ತೊಡಕೂ ಆಯಿತು. ಅವಳು ಏಳೂ ಮುಕ್ಕಾಲಿಗೆ 'ಪೌಣೆ ಎಂಟು' ಎನ್ನುವವಳು. ಸಾಲಿಯಲ್ಲಿ ಏಳೂ ಮುಕ್ಕಾಲು, ಮನೆಯಲ್ಲಿ ಪೌಣೆ ಎಂಟು. "ಎಂಟು ಇನ್ನೂ ಆಗೇ ಇಲ್ಲ, ಅದರ ಹೆಸರು ಯಾಕ ತಗೋತೀರಿ ದಾದಿ?" ಎಂದು ಇವಳು, "ಬರೂದೈತಲ್ಲ, ಬರೋರ ಹೆಸರು ತಗೋಬಾರದೇನು?" ಎಂದು ಅವಳು. ಇಬ್ಬರ ನಡುವೆ ಕುಳಿತು ನನ್ನ ತಲೆ ಮೊಸರು ಗಡಿಗೆಯಾಯಿತು.

ಆ ವಾರ ಬುಧವಾರ ಅಂಗಳದಲ್ಲಿ ಆಡಿದೆವು. ಹನ್ನೆರಡು ಇಟ್ಟಂಗಿ ತುಂಡುಗಳನ್ನು ದುಂಡಗೆ ಇಟ್ಟು, ನಾನು ಸಣ್ಣ ಮುಳ್ಳಾದೆ, ಅವಳು ದೊಡ್ಡ ಮುಳ್ಳು. ಅವಳು ಪೂರ್ತಿ ಒಂದು ಸುತ್ತು ಓಡಿ ಬಂದರೆ ನಾನು ಒಂದು ಇಟ್ಟಂಗಿಯಿಂದ ಇನ್ನೊಂದಕ್ಕೆ ಹೋಗಬೇಕು. ಐದು ಸುತ್ತಿಗೆ ಅವಳು ಏದುಸಿರು ಬಿಡುತ್ತ ಕುಳಿತಳು. "ನಾ ಒಂದ್ ಸುತ್ತ ಓಡೂತನಕ ನೀವ್ ಒಂದ್ ಹೆಜ್ಜಿ ಇಡ್ತೀರಿ. ಮತ್ತ ತಾಸಿನ ಹೆಸರು ನಿಮಗ! ಇದ್ಯಾವ ನ್ಯಾಯ್ರಿ ಅಬ್ಬಾ?" ನನಗೆ ನೀನು ನೆನಪಾದೆ. ಬೆಳಗಿನ ಐದಕ್ಕೆ ಎದ್ದು ರೊಟ್ಟಿ, ನೀರು, ಡಬ್ಬಿ, ಅವಳ ಜಡೆ, ಅವ್ವನ ಗುಳಿಗೆ, ನಡುವೆ ಒಲೆಯ ಮುಂದೆ ಪುಸ್ತಕ. ಅಷ್ಟರಲ್ಲಿ ನಾನು ಹಾಸಿಗೆಯಿಂದ ಎದ್ದು ಅಂಗಡಿಗೆ ಹೋಗಿರುತ್ತಿದ್ದೆ. ನಿನಗೆ ಅನ್ಯಾಯವಾಗಿದೆ ಅನಿಸಿತು. ಅನಿಸಿದ್ದನ್ನು ಬರೆದಿದ್ದೇನೆ, ದೊಡ್ಡದು ಮಾಡಬೇಡ.

ಇನ್ನೊಂದು ಆಟ ನಿನ್ನ ಪುಸ್ತಕದಲ್ಲಿ ಗೆರೆ ಎಳೆದಿಟ್ಟಿದ್ದು. ಕಣ್ಣು ಮುಚ್ಚಿ ಕುಳಿತು, ಒಂದು ನಿಮಿಷ ಆಯಿತು ಅನಿಸಿದಾಗ ಕಣ್ಣು ತೆರೆಯಬೇಕು. ಶಾಹಿಸ್ತಾ ಹತ್ತೊಂಬತ್ತು ಸೆಕೆಂಡಿಗೆ ತೆರೆದಳು. ಅವ್ವ ತೆರೆಯಲೇ ಇಲ್ಲ, ನಿದ್ದೆ ಹತ್ತಿತ್ತು. ನಾನು ನಾಲ್ಕು ಸೆಕೆಂಡು ತಪ್ಪಿದೆ. ನಿನ್ನ ಪುಸ್ತಕ ಮುಟ್ಟಿದ್ದಕ್ಕೆ ಸಿಟ್ಟಾಗಬೇಡ, ಎಲ್ಲಿತ್ತೋ ಅಲ್ಲೇ ಇಟ್ಟಿದ್ದೇನೆ.

ಇಷ್ಟಾದರೂ ಅವಳಿಗೆ ಪೂರ್ತಿ ಬಂದದ್ದು ನನ್ನಿಂದಲೂ ಅಲ್ಲ, ಅವ್ವನಿಂದಲೂ ಅಲ್ಲ. ಮಸೀದಿಯ ಹಳೇ ಹಲಗೆಯಿಂದ. ನೀನು ನೋಡಿರಬೇಕು, ನಮಾಜಿನ ಹೊತ್ತು ತೋರಿಸುವ ಆರು ಗಡಿಯಾರಗಳ ಹಲಗೆ. ಐದು ಹೊತ್ತಿಗೆ ಐದು, ಶುಕ್ರವಾರದ ಜುಮ್ಮಾಕ್ಕೆ ಒಂದು. ಅವುಗಳಲ್ಲಿ ಸೆಲ್ಲಿಲ್ಲ, ಮಷೀನಿಲ್ಲ, ಬರೀ ಮುಳ್ಳು. ಹೊತ್ತು ಬದಲಾದಾಗ ಬಾಂಗು ಕೂಗುವ ಮೋದಿನಸಾಬರು ಕೈಯಿಂದಲೇ ತಿರುಗಿಸಿ ಇಡುತ್ತಿದ್ದರು. ಈಗ ಅಲ್ಲಿ ಕೆಂಪು ಅಂಕಿಯ ಹೊಸ ಬೋರ್ಡು ಬಂದಿದೆ. ಹಳೆಯದನ್ನು ಅವರು ನನ್ನ ಅಂಗಡಿಗೆ ಹೊತ್ತು ತಂದು, "ಯಾರಿಗರ ಉಪಯೋಗ ಆಗ್ತೈತೇನ್ ನೋಡೋ" ಎಂದರು. ಮಗಳಿಗೆ ಕಲಿಸಲೇ ಎಂದು ಕೇಳಿದೆ. "ಕೂಸು ಟೈಮ್ ಕಲತ್ರ ಅದೂ ಸವಾಬಿನ, ಪುಣ್ಯದ ಕೆಲಸಾನ" ಎಂದು, ನಮಾಜಿನ ಹೆಸರಿನ ಪಟ್ಟಿಗಳನ್ನು ತಾವೇ ಬಿಚ್ಚಿಕೊಂಡು ಹಲಗೆ ಬಿಟ್ಟು ಹೋದರು.

ಹಲಗೆ ಮನೆಗೆ ಬಂದ ದಿನ ಶಾಹಿಸ್ತಾಳ ಮುಖ ನೀನು ನೋಡಬೇಕಿತ್ತು. ಇಟ್ಟಲ್ಲೇ ನಿಲ್ಲುವ ಮುಳ್ಳುಗಳು! ನಾನು ಇಷ್ಟು ದಿನ ನಡೆಯುವ ಗಡಿಯಾರ ಕೊಟ್ಟು ಅವಳನ್ನು ಅಳಿಸಿದ್ದೆ, ಅವಳಿಗೆ ಬೇಕಿದ್ದದ್ದು ಕಾಯುವ ಗಡಿಯಾರ. ಆರಕ್ಕೂ ತಾನೇ ಚೀಟಿ ಬರೆದು ಅಂಟಿಸಿದಳು. ಸಾಲಿ, ಊಟ, ದಾದಿ ಗುಳಿಗಿ, ಅಬ್ಬಾ ಅಂಗಡಿ, ನಿದ್ದಿ. ಗೋಡೆಯ ಗಡಿಯಾರ ನೋಡುವುದು, ಹಲಗೆ ನೋಡುವುದು, ಎರಡೂ ಒಂದೇ ಆದರೆ ಚಪ್ಪಾಳೆ ತಟ್ಟಿ ಕೂಗುವುದು. ಎರಡೇ ದಿನದಲ್ಲಿ ನಿಮಿಷದ ಲೆಕ್ಕವೂ ಬಂತು. ಈಗ ನಾನು ಮನೆಗೆ ಬರುವುದು ತಡವಾದರೆ ಬಾಗಿಲಲ್ಲೇ ನಿಂತು ಎಷ್ಟು ನಿಮಿಷ ತಡ ಎಂದು ಹೇಳುತ್ತಾಳೆ. ನಿನ್ನ ಮಗಳೇ ಸರಿ.

ಆರನೆಯದಕ್ಕೆ 'ಅಮ್ಮಿ' ಎಂದು ಬರೆದಿದ್ದಾಳೆ. ಮೊದಲು ಏಳಕ್ಕೆ ಇಟ್ಟಳು. ಆಮೇಲೆ, "ಇದು ಅಮ್ಮಿ ಫೋನ್ ಮಾಡೋ ಟೈಮ್. ಬರೋ ಟೈಮ್ ಎಷ್ಟ್ರಿ?" ಎಂದು ಕೇಳಿದಳು. ನನಗೇನು ಗೊತ್ತು? ಚಡಚಣದಿಂದ ಬರುವ ಬಸ್ಸು ನಾಲ್ಕಕ್ಕೆ ಬರುತ್ತದೆ ಎಂದೆ. ನಾಲ್ಕಕ್ಕೆ ಇಟ್ಟಳು. ಆ ದಿನ ನಾಲ್ಕಾಯಿತು, ನೀನು ಬರಲಿಲ್ಲ. ಮರುದಿನ ಮುಳ್ಳನ್ನು ನಾಲ್ಕೂ ಐದು ನಿಮಿಷಕ್ಕೆ ಸರಿಸಿ, "ಬಸ್ ಲೇಟ್ ಇರಬೇಕು" ಎಂದಳು. ಅದರ ಮರುದಿನ ಮತ್ತೆ ಐದು ನಿಮಿಷ. ದಿನಾ ಐದೈದು ನಿಮಿಷ ಸರಿಸುತ್ತಲೇ ಇದ್ದಾಳೆ, ನಿನ್ನೆಗೆ ನಾಲ್ಕೂವರೆ ಆಗಿದೆ. ಬೇಡ ಎನ್ನಲೇ, ಸರಿಸಲಿ ಎಂದು ಬಿಡಲೇ ಎನ್ನುವುದು ನನಗೆ ತಿಳಿಯುತ್ತಿಲ್ಲ. ನೀನು ಕಲಿಸುವುದನ್ನು ಓದಿದವಳು, ಇಂಥದ್ದಕ್ಕೆ ನಿನ್ನ ಪುಸ್ತಕದಲ್ಲಿ ಏನಾದರೂ ಬರೆದಿದ್ದಾರೆಯೇ?

ಇವತ್ತು ಬೆಳಿಗ್ಗೆ ಹೊಸ ಪಾಠ ಮಾಡಿದೆ. ಮುಳ್ಳು ಮುಂದೆ ಹೋದರೆ ಬರುವ ಹೊತ್ತು, ಹಿಂದಕ್ಕೆ ತಿರುಗಿಸಿದರೆ ಕಳೆದ ಹೊತ್ತು ಎಂದೆ. ಅವಳು ಗೋಡೆಯ ಗಡಿಯಾರದ ಕಡೆಗೊಮ್ಮೆ ನೋಡಿದಳು. ಆಮೇಲೆ ನಿನ್ನ ಗಡಿಯಾರದ ದೊಡ್ಡ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಏನೋ ಅಂದಳು. ಅದನ್ನಿಲ್ಲಿ ಬರೆಯುವುದಿಲ್ಲ. ಮಕ್ಕಳು ಕನಸಿನಲ್ಲಿ ಕಂಡದ್ದನ್ನೂ ಕಣ್ಣಾರೆ ಕಂಡೆ ಎನ್ನುತ್ತಾರೆ.

ಅಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗಿರಬೇಕು, ಬಿಸಿಲಿನಲ್ಲಿ ತಿರುಗಬೇಡ. ಈ ಕಾಗದವನ್ನು ಚಡಚಣದ ಬಸ್ಸಿನ ಕಂಡಕ್ಟರ್ ಬಾಬುಲಾಲನ ಕೈಯಲ್ಲಿ ಕಳಿಸುತ್ತೇನೆ, ಎರಡರ ಬಸ್ಸಿಗೆ ಹೊರಟರೆ ಸಂಜೆ ಐದಕ್ಕೆಲ್ಲ ನಿನಗೆ ಮುಟ್ಟುತ್ತದೆ. ಅವ್ವ ದುವಾ ಹೇಳಿದ್ದಾಳೆ. ಪಾಠದಲ್ಲಿ ತಪ್ಪಿದ್ದರೆ ತಿದ್ದಿ ಬರೆ, ತಪ್ಪಿಲ್ಲದಿದ್ದರೂ ಬರೆ.

ನಿನ್ನ ಮಗಳ ಸಣ್ಣ ಮುಳ್ಳು,
ಜುಲ್ಫಿಕರ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಹನ್ನೆರಡೂವರೆ ಆಗಿದೆ. ಮೇಲೆ ಬರೆದ ಸೆಲ್ಲಿನ ಮಾತು ಸುಳ್ಳು.

ಬೆಳಿಗ್ಗೆ ಶಾಹಿಸ್ತಾ ಅಂದದ್ದು ಇದು: "ಅಮ್ಮಿ ಪರೀಕ್ಷಾಕ್ಕ ಹೋದ ದಿನ ಮುಂಜಾನೆ ನೀವು ಸ್ಟೂಲ್ ಮ್ಯಾಲ ನಿಂತು ಗ್ವಾಡಿ ಗಡಿಯಾರದ ದೊಡ್ಡ ಮುಳ್ಳು ಹಿಂಗ ತಿರುವಿದ್ರಿ. ಆರರಿಂದ ಎರಡಕ್ಕ. ಇಪ್ಪತ್ತು ನಿಮಿಷ ಆತಲ್ರಿ ಅಬ್ಬಾ?" ಲೆಕ್ಕ ಸರಿಯಾಗಿದೆ. ನೀನು ಒಲೆಯ ಮುಂದಿದ್ದಾಗ ಐದೂವರೆಯನ್ನು ಐದೂ ಹತ್ತು ಮಾಡಿ ನಾನು ಮಸೀದಿಗೆ ಹೋದೆ. ಸ್ಟೂಲಿನಿಂದ ಇಳಿಯುವಾಗ ಅವಳು ಹಾಸಿಗೆಯಲ್ಲಿ ಕಣ್ಣು ಬಿಟ್ಟದ್ದನ್ನು ನೋಡಿದ್ದೆ. ಕೂಸು, ಗಡಿಯಾರ ನೋಡಲು ಬರುವುದಿಲ್ಲ, ಏನು ತಿಳಿದೀತು ಎಂದುಕೊಂಡೆ. ಈಗ ನೋಡಲು ಬರುತ್ತದೆ. ನಾನೇ ಕಲಿಸಿದೆ.

ಯಾಕೆ ಮಾಡಿದೆ ಎಂದು ಎರಡೂವರೆ ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಪಾಸಾದರೆ ಯಾವ ಊರಿಗೆ ಹಾಕುತ್ತಾರೋ, ನೀನು ಹೋಗಿಬಿಡುತ್ತೀ ಎಂಬ ಹೆದರಿಕೆ ಇತ್ತು. ನೀನು ಹೋಗಬಾರದೆಂದು ಮಾಡಿದೆ, ಮಾಡಿದ್ದರಿಂದಲೇ ನೀನು ಹೋದೆ. ಗಡಿಯಾರ ರಿಪೇರಿಯವನ ಮನೆಯ ಗಡಿಯಾರ ಎಂದು ನೀನು ನಂಬಿದ್ದೆ. ಇದಕ್ಕೆ ಮಾಫಿ ಕೇಳುವ ಬಾಯಿ ನನಗಿಲ್ಲ, ಆದರೂ ಕೇಳುತ್ತೇನೆ. ಮುಂದಿನ ಪರೀಕ್ಷೆಗೆ ಚಡಚಣದಿಂದಲೇ ಹೋಗು, ಎಲ್ಲಿಗೆ ಹಾಕಿದರೂ ಹೋಗು.

ಅವಳು ಇನ್ನೊಂದು ಮಾತು ಕೇಳಿದಳು, "ಇದನ್ನ ಅಮ್ಮಿಗೆ ನಾ ಹೇಳ್ಲ್ಯಾ, ನೀವ್ ಹೇಳ್ತೀರ್ಯಾ?" ನಾನೇ ಹೇಳುತ್ತೇನೆ, ಸಂಜೆ ಏಳರೊಳಗೆ ಎಂದೆ. ಅವಳು 'ಅಬ್ಬಾ ಅಂಗಡಿ' ಗಡಿಯಾರವನ್ನು ಏಳಕ್ಕೆ ಇಟ್ಟು ಹಲಗೆಯ ಮುಂದೆ ಕುಳಿತಿದ್ದಾಳೆ.

ನಿನ್ನ ಆರನೇ ಗಡಿಯಾರದ ಎರಡೂ ಮುಳ್ಳು ಬಿಚ್ಚಿಕೊಡು ಎಂದರೆ ಒಪ್ಪಲಾರಳು ಎಂದುಕೊಂಡಿದ್ದೆ. ಅವಳೇ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಈ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಎಷ್ಟಕ್ಕೆ ಇಡಬೇಕು, ಇಡಬೇಕೋ ಬೇಡವೋ, ನೀನೇ ಹೇಳು. ಇನ್ನು ಮೇಲೆ ನಿನ್ನ ಗಡಿಯಾರವನ್ನು ನಾನು ಮುಟ್ಟುವುದಿಲ್ಲ.