ಓರಗಿತ್ತಿಯ ಪುಡಿ

ಮಾರ್ಚ್ 4, ಬೆಳಿಗ್ಗೆ

ಮತ್ತದೇ. ಫೀಡ್ ಕಲಸಿದ್ದು, ಬಕೆಟ್ ತೊಳೆದದ್ದು. ಹಂದಿಮರಿಗಳಿಗೆ ತಾಯಿ ಹಾಲು ಬಿಡಿಸಿ ಎರಡು ದಿನ. ಎಡಗಡೆ ಶೆಡ್ ನನ್ನದು, ಬಲಗಡೆಯದು ಮೈದುನನ ಹೆಂಡತಿಯದು. ಮಹಾರಾಣಿ ಫೀಡಿಗೆ ಅಮೈನೋ ಆಸಿಡ್ ಪುಡಿ ಬೆರೆಸುತ್ತಾಳೆ. ಹಾಲು ತಪ್ಪಿದ ಮರಿಗೆ ರೋಗ ತಡೆಯುವ ಶಕ್ತಿ ಕಮ್ಮಿಯಂತೆ, ಕರುಳು ಗಟ್ಟಿಯಾಗಲು ಇದು ಬೇಕಂತೆ. ನನಗೂ ಒಂದು ಡಬ್ಬ ಕೊಡಲು ಬಂದಳು. ನಿನ್ನ ಮರಿಗಳನ್ನು ಜಿಮ್‌ಗೂ ಕಳಿಸು ಅಂದೆ. ಮುಖ ಸಣ್ಣದಾಯಿತು. ನನಗೆ ಸಮಾಧಾನವಾಯಿತು.

ಮಾರ್ಚ್ 13

ಡಾಕ್ಟರ್ ಬಂದಿದ್ದರು. ಎರಡೂ ಶೆಡ್ಡಿನ ಮರಿಗಳು ಒಂದೇ ಥರ ಚುರುಕಾಗಿವೆ ಅಂದರು. ಕೇಳಬೇಕಾ ನನ್ನನ್ನು! ಊಟಕ್ಕೆ ಕೂತಾಗ ಮಾವನ ಮುಂದೆ ಕೊಚ್ಚಿಕೊಂಡೆ— ಪುಡಿಯ ಮುಖವನ್ನೇ ಕಾಣದ ನನ್ನ ಮರಿಗಳಿಗೆ ಏನಾಗಿದೆ? ಇನ್ನು ಪುಡಿ ತರಿಸುವುದು ಬೇಡ ಅಂದುಬಿಟ್ಟರು ಮಾವ. ಅವಳು ಏನೋ ಹೇಳಲು ಹೋಗಿ, ನನ್ನತ್ತ ನೋಡಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮಾರ್ಚ್ 14

ಬೇಗ ಎದ್ದು ಶೆಡ್ಡಿಗೆ ಹೋದರೆ ಅವಳು! ನನ್ನ ಫೀಡಿನ ಡ್ರಮ್ಮಿಗೆ ಡಬ್ಬದ ತಳ ಕೆರೆದು ಹಾಕುತ್ತಿದ್ದಾಳೆ. ಮೊದಲ ದಿನದಿಂದಲೂ ಹಾಕಿದ್ದಾಳಂತೆ. ಮೈಯೆಲ್ಲ ಉರಿದುಹೋಯಿತು. ಯಾರು ಕೇಳಿದ್ದರು ನಿನ್ನ ಉಪಕಾರ ಅಂದೆ.

“ಉಪಕಾರ ಅಲ್ಲ ಅಕ್ಕ. ನಿಮ್ಮ ಮರಿಗೆ ಬಂದ ಕಾಯಿಲೆ ನನ್ನ ಮರಿಗೂ ಬರುತ್ತೆ. ಮಧ್ಯೆ ಇರೋದು ಒಂದು ತಗಡು.”

ಮಾವನಿಗೆ ನೀವೇ ನಿಜ ಹೇಳಿ, ನಾನು ಹೇಳಿದರೆ ಹೊಟ್ಟೆಕಿಚ್ಚು ಅಂತಾರೆ ಅಂದಳು. ಹೇಳುವುದಕ್ಕೆ ನನಗೇನು ತಲೆ ಕೆಟ್ಟಿದೆಯಾ?

ಮಾರ್ಚ್ 20

ಎರಡೂ ಶೆಡ್ಡಿನಲ್ಲಿ ಭೇದಿ. ನನ್ನದರಲ್ಲಿ ಒಂದು ಮರಿ ಹೋಯಿತು, ಅವಳದರಲ್ಲಿ ಎರಡು. ಡಾಕ್ಟರ್ ಔಷಧಿ ಕೊಟ್ಟು, ಮೊನ್ನೆವರೆಗೂ ಚೆನ್ನಾಗಿದ್ದವಲ್ಲ, ಏನು ಬದಲಾಯಿಸಿದಿರಿ ಅಂತ ಕೇಳಿದರು. ನಾನು ಬಕೆಟ್ ತೊಳೆಯುತ್ತ ಕೂತೆ. ಪುಡಿ ನಿಂತ ವಿಷಯ ಅವಳೂ ಹೇಳಲಿಲ್ಲ. ಕಳ್ಳಿ.

ಮಾರ್ಚ್ 21

ಬೆಳಿಗ್ಗೆ ಇನ್ನೊಂದು. ನನ್ನದು... ಕಿವಿಯ ಮೇಲೆ ಮಚ್ಚೆ ಇದ್ದದ್ದು. ಎತ್ತಿಕೊಂಡಾಗ ಇನ್ನೂ ಬೆಚ್ಚಗಿತ್ತು. ಅಳು ಬಂತು. ಸಿಟ್ಟೂ ಬಂತು, ಎಲ್ಲ ಅವಳ ಮೇಲೇ.

ಊಟದ ಹೊತ್ತಿಗೆ ಮಾವನಿಗೆ ಹೇಳಿದೆ: “ಪುಡಿ ತರಿಸಿ ಮಾವ, ಎರಡೂ ಶೆಡ್ಡಿಗೆ. ನಾನೇ ಡಾಕ್ಟರ ಹತ್ರ ಎಲ್ಲಾ ವಿಚಾರಿಸಿದೀನಿ.”

ಮಾವ ತಲೆದೂಗಿದರು. ದೊಡ್ಡ ಸೊಸೆಗೆ ಇರುವ ಬುದ್ಧಿ ಈ ಮನೆಯಲ್ಲಿ ಇನ್ಯಾರಿಗೂ ಇಲ್ಲ ಅಂದರು. ಅವಳ ಎದುರೇ.

ಅವಳು ನನ್ನ ತಟ್ಟೆಗೆ ಬಡಿಸಲು ಬಗ್ಗಿದಳು. ನನಗೊಬ್ಬಳಿಗೇ ಕೇಳುವಂತೆ, “ಥ್ಯಾಂಕ್ಸ್ ಅಕ್ಕ” ಅಂದಳು. ವ್ಯಂಗ್ಯವೂ ಇಲ್ಲ, ನಗುವೂ ಇಲ್ಲ. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ. ಈ ಥ್ಯಾಂಕ್ಸ್ ಇಟ್ಟುಕೊಂಡು ನಾನೇನು—