ಬೊಗಸೆಯ ನೀರು, ಲೋಟದ ನೀರು

ಮಾತಿನಲ್ಲಿ ಯಾರಿಗೂ ಸೋಲದಿದ್ದ ನನ್ನ ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವುದಿಲ್ಲ. ಆ ಮನಸ್ಸೂ ಇಲ್ಲ. ನೀನು ತೀರಿಹೋದ ದಿನದಿಂದ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ನೀನಿದ್ದಿದ್ದರೆ ಎದುರು ನಿಂತು ಜಗಳವಾಡುತ್ತಿದ್ದೆ. ನೀನು ಕನ್ನಡಕ ಒರೆಸುತ್ತಾ, "ಮೊದಲು ನಿನ್ನ ಪ್ರಶ್ನಿ ಏನು, ಸರಿಯಾಗಿ ಹೇಳವಾ" ಅನ್ನುತ್ತಿದ್ದೆ. ಹೇಳುತ್ತೇನೆ, ಕೇಳು.

ಯಶವಂತಪುರದಲ್ಲಿ ನಾವು ನೋಡಿದ ಮೊದಲ ಬಾಡಿಗೆ ಮನೆ ನೆನಪಿದೆಯಾ? ನಿನಗೆ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ, ಧಾರವಾಡದ ಕಡೆಯಿಂದ ಟ್ರಂಕು ಹೊತ್ತು ಬಂದಿದ್ದೆವು. ಕೊರಳ ಲಿಂಗವನ್ನೂ ಹೆಸರಿನ ಬಾಲವನ್ನೂ ನೀನು ಊರಲ್ಲೇ ಬಿಟ್ಟು ಬಂದಿದ್ದೆ. ಮನೆ ಯಜಮಾನರು ಕೇಳಿದರು, "ತಾವು ಯಾವ ಜನ ಸ್ವಾಮಿ?" ನೀನು ಹೇಳಿದೆ, "ಮನುಷ್ಯರು." ಅವರು ನಕ್ಕರು. "ಅದು ಕಾಣಿಸ್ತದೆ. ಆಮೇಲೆ?" ಆಮೇಲೆ ನೀನು ಬಾಯಿ ಬಿಡಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವವನೂ ಅನ್ಯಾಯದಲ್ಲಿ ಪಾಲುದಾರ ಅಂತ ನಿನ್ನ ಸಿದ್ಧಾಂತ. ಮನೆ ಸಿಗಲಿಲ್ಲ. ಬಿಸಿಲಲ್ಲಿ ಟ್ರಂಕಿನ ಮೇಲೆ ಕೂತ ಅಮ್ಮನ ಮುಖವನ್ನು ನೀನು ನೋಡಲೂ ಇಲ್ಲ.

ಶೆಟ್ಟಿಹಳ್ಳಿಯಲ್ಲಿ ಸಿಕ್ಕಿತಲ್ಲ, ಆ ದಿನ ಹೇಗೆ ಮರೆಯಲಿ? ಅದೇ ಪ್ರಶ್ನೆ, ಅದೇ ಉತ್ತರ. ಯಜಮಾನರು ತಲೆ ಅಲ್ಲಾಡಿಸಿ ಒಳಗೆ ಹೋದರು. ನನಗೆ ಬಾಯಾರಿಕೆ. ಅವರ ಹೆಂಡತಿ ಅಂಗಳದಲ್ಲೇ ನಿಲ್ಲಿಸಿ, ಮೇಲಿನಿಂದ ನನ್ನ ಬೊಗಸೆಗೆ ನೀರು ಸುರಿದರು. ಅರ್ಧ ಮೊಣಕೈಗೆ ಇಳಿದುಹೋಯಿತು. "ಕೂಸಿಗೆ ಇನ್ನಷ್ಟು ನೀರು ಕುಡಿಸ್ಕೊಂಡು ಬರ್ತೀನ್ರಿ" ಅಂತ ಅಮ್ಮ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಆ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದಳು. ಆಕೆ ಒಳಗೆ ಹೋಗಿ ಬಂದರು. ಈ ಸಲ ನೀರು ಬಂದದ್ದು ಫಳಫಳ ಹೊಳೆಯುವ ಲೋಟದಲ್ಲಿ, ಜೊತೆಗೆ ಒಂದು ಚೂರು ಬೆಲ್ಲ. ನಾವು ಮುಂಬಾಗಿಲಿಗೆ ಬರುವಷ್ಟರಲ್ಲಿ ಯಜಮಾನರು ನಿನ್ನ ಕೈ ಹಿಡಿದುಕೊಂಡಿದ್ದರು. "ಮೇಷ್ಟ್ರೇ, ಏನೋ ಅಂದ್ಕೋಬೇಡಿ ಕಣ್ರೀ. ಮನೆ ನಿಮ್ದೇ."

ಬಸ್ಸಿನಲ್ಲಿ ನಿನ್ನ ಖುಷಿ ನೋಡಬೇಕಿತ್ತು! "ನೋಡಿದ್ಯಾ? ಉತ್ತರಾ ಕೊಡದ ನಿಂತ್ರ, ಪ್ರಶ್ನಿ ಕೇಳಿದವನಿಗೇ ನಾಚಿಕಿ ಬರ್ತದ." ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಎಷ್ಟು ಮನೆ ಬದಲಾಯಿಸಿದೆವೋ, ಪ್ರತಿ ಸಲವೂ ನೀನು ಗೆದ್ದೆ. ನಿನ್ನ ಗೆಲುವಿನ ಕಥೆ ತರಗತಿಗಳಲ್ಲಿ ಓಡಾಡಿತು, ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿತು. ಕೊನೆಗೆ ಹೊನ್ನಪ್ಪ ಮೇಷ್ಟ್ರ ಕಿವಿಗೂ ಬಿತ್ತು.

ಹೊನ್ನಪ್ಪನವರು ನಿನ್ನ ಕಾಲೇಜಿನಲ್ಲೇ ಚರಿತ್ರೆ ಕಲಿಸುತ್ತಿದ್ದವರು, ನಮ್ಮ ಸೀಮೆಯವರೇ. ಆದರೆ ದಲಿತ ಕೇರಿಯಲ್ಲಿ ಹುಟ್ಟಿದವರು. ಪಾಪ, ಅವರು ನಿಜ ಹೇಳಿ ಹೇಳಿ ಬಾಗಿಲಿಂದ ಬಾಗಿಲಿಗೆ ಅಲೆದಿದ್ದರು. ನೀನು ಬೋಧನೆ ಮಾಡಿದೆ, "ಸುಮ್ಮನಿದ್ದು ನೋಡು ಹೊನ್ನಪ್ಪ, ನನ್ನ ಅನುಭವದ ಮಾತಿದು." ಅಬ್ಬಿಗೆರೆಯಲ್ಲಿ ಸುಮ್ಮನಿದ್ದು ಮನೆ ಹಿಡಿದರು. ಒಂದು ಹಬ್ಬಕ್ಕೆ ಊರಿಂದ ನೆಂಟರು ಬಂದರು, ಮನೆ ಯಜಮಾನರು ಅವರ ಜಾತಿ ಕೇಳಿದರು, ನೆಂಟರು ಇದ್ದದ್ದನ್ನು ಇದ್ದಂತೆ ಹೇಳಿದರು. ಸಂಜೆಯೊಳಗೆ ಸಾಮಾನು ಬೀದಿಯಲ್ಲಿತ್ತು. ಸುದ್ದಿ ತಿಳಿದು ನಾವು ಹೋದಾಗ ಅವರ ಹೆಂಡತಿ ಯಲ್ಲವ್ವ ಚರಂಡಿಯ ಪಕ್ಕ ಕೂತು ಚೆಲ್ಲಿದ ಜೋಳ ಬಾಚಿಕೊಳ್ಳುತ್ತಿದ್ದರು. ಅಂಥಾ ಹೊತ್ತಿನಲ್ಲಿ ನೀನು ಏನಂದೆ ಗೊತ್ತಾ? "ನಮಗ ಆದದ್ದು ನಿನಗ್ಯಾಕ ಆಗಲಿಲ್ಲ ಹೊನ್ನಪ್ಪ? ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು." ಅಮ್ಮ ತಟ್ಟನೆ ತಿರುಗಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಳು. ಅವಳಿಗೆ ತಲೆನೋವು ಬಂದಿರಬೇಕು ಅಂದುಕೊಂಡೆವು.

ನೀನು ತೀರಿಕೊಂಡ ಬೆಳಿಗ್ಗೆ, ನಮ್ಮ ಕೊನೆಯ ಬಾಡಿಗೆ ಮನೆಯಾದ ಹೆಬ್ಬಾಳದ ಮನೆಯ ಹಾಲ್‌ನಲ್ಲಿ ನಿನ್ನನ್ನು ಮಲಗಿಸಿದ್ದಾಗ, ಓನರ್ ಹೆಂಡತಿ ಗೌರಮ್ಮ ಕಣ್ಣೊರೆಸಿಕೊಳ್ಳುತ್ತಾ ಬಂದು ಕೇಳಿದರು, "ನಿಮ್ಮಲ್ಲಿ ಕೂರ್ಸಿ ಮಣ್ ಮಾಡೋದಲ್ವಾ ತಾಯಿ? ಇಂಗೇ ಮಲಗ್ಸಬಾರ್ದು. ಈಬೂತಿ ತರಿಸ್ಲಾ?" ಅದು ನೀನು ಊರಲ್ಲೇ ಬಿಟ್ಟು ಬಂದ ಜಾತಿಯ ಪದ್ಧತಿ. ಜಾತಿಯನ್ನೇ ಹೇಳದೆ ಹಿಡಿದ ಮನೆಯಲ್ಲವೇ ಇದು? ಇವರಿಗೆ ಯಾರು ಹೇಳಿದರು?

ಹದಿಮೂರನೆಯ ದಿನಕ್ಕೂ ಕಾಯದೆ ಅಮ್ಮನನ್ನು ಹಿಡಿದು ಕೇಳಿದೆ. ಅವಳು ಮುಚ್ಚಿಡಲಿಲ್ಲ. "ಹೌದು, ಹೇಳೀನಿ. ಎಲ್ಲಾ ಮನ್ಯಾಗೂ ಹಿತ್ತಲ ಬಾಗಿಲಿಗೆ ಹೋಗಿ ನಾನೇ ಹೇಳೀನಿ. ನಿಮ್ಮಪ್ಪ ಗೆದ್ದು ಬರೋರು, ಗಂಟುಮೂಟಿ ಹೊರಾಕಿ ನಾನು. ಕೂಸಿನ್ನ ಕಟ್ಕೊಂಡು ಯಾವ ಮರದ ಕೆಳಗ ಕೂಡ್ಲಿ?" ಅವಳ ಮೇಲೆ ಸಿಟ್ಟು ಬರಲಿಲ್ಲ ಅಪ್ಪಾ. ಬಂದದ್ದೆಲ್ಲ ನಿನ್ನ ಮೇಲೆ. ಅಷ್ಟು ಓದಿದವನು ನೀನು, ಮಗು ನೀರು ಕುಡಿದು ಬರುವಷ್ಟರಲ್ಲಿ ಜನ ಹೇಗೆ ಬದಲಾಗುತ್ತಾರೆ ಅಂತ ಒಮ್ಮೆಯೂ ಅನುಮಾನ ಬರಲಿಲ್ಲವಾ? ಅಥವಾ ಬಂದಿತ್ತಾ, ಬಂದೂ ನೀನು...

ಬೇಡ, ಆ ವಾಕ್ಯ ಮುಗಿಸಲಾರೆ. ಆದರೆ ಇದನ್ನು ಹೇಳಲೇಬೇಕು. ನೀನು ಬಾಯಿ ಮುಚ್ಚಿಕೊಂಡು ನಿಲ್ಲಬಹುದಿತ್ತು, ಏಕೆಂದರೆ ಬೀಗದ ಕೈ ಅಮ್ಮನ ಸೆರಗಿನ ತುದಿಯಲ್ಲಿತ್ತು. ಹೊನ್ನಪ್ಪನವರು ಹೇಳಿದರೂ ಬೀದಿ, ಹೇಳದಿದ್ದರೂ ಬೀದಿ. ಹೊನ್ನಪ್ಪನವರು, ಯಲ್ಲವ್ವ ಇಬ್ಬರ ಬದುಕನ್ನು ಪಣಕ್ಕೊಡ್ಡಿ ನಿನ್ನ ಸಿದ್ಧಾಂತವನ್ನು ಪರೀಕ್ಷೆ ಮಾಡಿದೆಯಲ್ಲ, ಅದು ಯಾವ ನ್ಯಾಯ? ಯಾವ ಪಾಠದಲ್ಲಿದೆ ಅದಕ್ಕೆ ಉತ್ತರ?

ನಿನಗೆ ತಿಳಿಯದ ಸುದ್ದಿ ಇನ್ನೂ ಒಂದಿದೆ. ಕಳೆದ ಭಾನುವಾರ ಅಮ್ಮ ತಾನಾಗಿಯೇ, "ಹೊನ್ನಪ್ಪನ ಮನಿಗೆ ಕರ್ಕೊಂಡು ನಡಿ" ಅಂದಳು. ಅವರು ಈಗ ಶೆಟ್ಟಿಹಳ್ಳಿ ದಾಟಿ, ಸ್ವಂತ ಸೈಟಿನಲ್ಲಿ ಎರಡು ಶೀಟಿನ ಕೋಣೆ ಹಾಕಿಕೊಂಡಿದ್ದಾರೆ. ಬಾಡಿಗೆಯ ಹಂಗೇ ಬೇಡ ಅಂತ. ಯಲ್ಲವ್ವ ನಗುತ್ತಾ ಬಾಗಿಲಿಗೆ ಬಂದರು. "ಬರ್ರೀ ಅಕ್ಕಾರ, ಒಳಗ ಬರ್ರೀ." ಅಮ್ಮ ಒಳಗೆ ಹೋಗಲಿಲ್ಲ. ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು. ಹಿತ್ತಲ ಬಾಗಿಲು, ಕಿವಿಮಾತು, ನಮ್ಮ ಜಾತಿಯ ಹೆಸರು, ಏನನ್ನೂ ಬಿಡಲಿಲ್ಲ.

ಯಲ್ಲವ್ವನ ಮುಖದ ನಗು ಹೋಯಿತು. ಒಳಗಿಂದ ಹೊನ್ನಪ್ಪನವರು, "ಹೋಗ್ಲಿ ಬಿಡ, ಸರ್ ಈಗಿಲ್ಲ" ಅಂದರು. ಆಕೆ ತಿರುಗಿಯೂ ನೋಡಲಿಲ್ಲ. "ಅವರಿಲ್ಲ ಖರೆ. ನಾನಿದ್ದೀನಲ್ಲ? ನನ್ನ ಜ್ವಾಳ ಚರಂಡ್ಯಾಗ ಬಿದ್ದಾಗ ಇವರು ಅಲ್ಲೇ ನಿಂತಿದ್ರು. ಅವತ್ತ ಹೇಳಬೇಕಾಗಿತ್ತು." ಅಮ್ಮ ಕೈ ಮುಗಿದಳು. ಬಾಗಿಲು ಮುಚ್ಚಿತು.

ನಮ್ಮ ಜಾತಿ ಹೇಳಿದ ಮೇಲೆ ನಮಗೆ ಮುಚ್ಚಿದ ಮೊದಲ ಬಾಗಿಲು ಅದು, ಅಪ್ಪಾ. ಅಮ್ಮ ದಾರಿಯುದ್ದಕ್ಕೂ ಅತ್ತಳು. ನಾನು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ನಿನ್ನ ಪರವಾಗಿ ವಾದ ಮಾಡುವುದಕ್ಕಲ್ಲ. ಬಾಗಿಲು ತೆರೆದರೆ ಕುಡಿಯಲು ನೀರು ಕೇಳುತ್ತೇನೆ. ಬೊಗಸೆಗೆ ಸುರಿದರೂ ಸರಿ, ಒಂದು ಹನಿ ಚೆಲ್ಲದಂತೆ ಕುಡಿದು ಬರುತ್ತೇನೆ.

ನಿನ್ನ ಮಗಳು