ಒಂಬತ್ತನೆಯ ರೆಕಾರ್ಡಿಂಗ್

ಮಾರ್ಚ್ ೧೨, ಗುರುವಾರ

ಕೈಗೆ ಬಂದ ತುತ್ತನ್ನು ನನ್ನ ಬಾಯಿಯೇ ಕೆಡಿಸಿತು.

ಸಂಗೀತದ ಪಿಎಚ್‌ಡಿಗೆ ಪೂರ್ತಿ ವಿದ್ಯಾರ್ಥಿವೇತನದ ಸೀಟುಗಳಿರುವುದು ಎರಡೇ. ನಾನು ಅರ್ಜಿ ಹಾಕುತ್ತಿರುವುದು ಇದು ಮೂರನೇ ವರ್ಷ. ಇಪ್ಪತ್ತು ನಿಮಿಷ ಪಿಟೀಲು ನುಡಿಸಿ ರೆಕಾರ್ಡಿಂಗ್ ಕಳಿಸಬೇಕು, ಎಲ್ಲೂ ಕತ್ತರಿಸಬಾರದು, ನುಡಿಸಿದವರು ಯಾರೆಂದು ತಿಳಿಯಬಾರದು. ಬೆಳಗಿನಿಂದ ಎಂಟು ಸಲ ಕೆಟ್ಟು, ಒಂಬತ್ತನೆಯದು ಬೆಣ್ಣೆಯಂತೆ ಬಂತು. ತಂಗಿ ಅದನ್ನು ಕೇಳಿದವಳೇ ಹಣೆ ಚಚ್ಚಿಕೊಂಡಳು.

"ಅಕ್ಕಾ, ಶುರುವಲ್ಲೇ ನಿನ್ನ ಹೆಸರು ಹೇಳಿದೀಯಲ್ಲೇ."

ಹೇಳಿದ್ದೇನೆ. ಏಳನೇ ವಯಸ್ಸಿನಿಂದ ಮೇಷ್ಟ್ರು ತಲೆಗೆ ತುಂಬಿದ್ದೇ ಅದು: ಹೆಸರು ಹೇಳದೆ ಕಮಾನು ಎತ್ತಬೇಡ. ಇಪ್ಪತ್ತೆರಡು ವರ್ಷ ಪ್ರತಿ ಪರೀಕ್ಷೆಯಲ್ಲೂ ಹಾಗೇ ಮಾಡಿದ್ದೇನೆ. ಈಗ ನನ್ನ ಹತ್ತಿರ ಕಲಿಯುವ ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ, ಕರ್ಮ.

"ಮೂರು ಸೆಕೆಂಡ್ ಕತ್ತರಿಸಿದ್ರೆ ಯಾರಿಗೆ ಗೊತ್ತಾಗತ್ತೆ ಬಿಡು," ಎಂದಳು. ಆದರೆ ಮೊದಲ ಸ್ವರ ಹೆಸರಿನ ಬಾಲ ಹಿಡಿದೇ ಬಂದಿದೆ. ಹೆಸರು ಕತ್ತರಿಸಿದರೆ ಸ್ವರವೂ ಹೋಗುತ್ತದೆ.

ಸಂಜೆ ತುಟಿ ಕಚ್ಚಿಕೊಂಡು ಮತ್ತೆ ನುಡಿಸಿ, ಗಡುವಿಗೆ ಹತ್ತು ನಿಮಿಷ ಇದೆ ಎನ್ನುವಾಗ ಕಳಿಸಿದೆ. ಈಗ ಅದನ್ನೇ ಕೇಳುತ್ತಾ ಕೂತಿದ್ದೇನೆ. ಒಂದು ಸ್ವರವೂ ತಪ್ಪಿಲ್ಲ. ನುಡಿಸಿದ್ದು ಯಾರೆಂದು ಅವರಿಗೆ ಖಂಡಿತ ಗೊತ್ತಾಗುವುದಿಲ್ಲ. ನನಗೇ ಗೊತ್ತಾಗುತ್ತಿಲ್ಲ.